ಹೊಸ ಕೋಡ್ ಕೇಳುವ ಮೊದಲು ಡಬ್ಬಿ ತೆಗೆದು ನೋಡಿ

2028ರ ಜನವರಿ 1ಕ್ಕೆ ಎಚ್‌ಎಸ್ ಕೋಡ್‌ಗಳು, ಅಂದರೆ ಕಸ್ಟಮ್ಸ್‌ನವರು ಸರಕನ್ನು ಗುರುತಿಸುವ ಅಂಕಿಗಳು, ಮತ್ತೆ ಬದಲಾಗುತ್ತವೆ. ಸುದ್ದಿ ಕಿವಿಗೆ ಬಿದ್ದವರಿಂದ ನನಗೆ ಬರುವ ಮೇಲ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ಒಂದು ಎಕ್ಸೆಲ್ ಫೈಲ್. ಮೊದಲ ಕಾಲಂನಲ್ಲಿ ಹಳೆಯ ಕೋಡ್. ಎರಡನೆಯದು ಖಾಲಿ. ಕೆಳಗೆ ಒಂದು ಸಾಲು: "ಸರ್, ಹೊಸ ಕೋಡ್ ತುಂಬಿಸಿ ಕಳಿಸಿ, ಸಿಸ್ಟಮ್‌ಗೆ ಅಪ್‌ಲೋಡ್ ಮಾಡ್ಬೇಕು."

ಐಟಂ ಏನು ಅಂತ ಎಲ್ಲೂ ಬರೆದಿರುವುದಿಲ್ಲ. ಬರೆದಿದ್ದರೂ "ಪಾರ್ಟ್ಸ್" ಅಂತಲೋ "ಅಸೆಂಬ್ಲಿ" ಅಂತಲೋ ಇರುತ್ತದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಸಿಕ್ಕರೆ ನಿಮ್ಮ ಎರಡನೇ ಕಾಲಂ ಸಂಜೆಯೊಳಗೆ ತುಂಬುತ್ತದೆ. ನಾನು ತುಂಬಲ್ಲ.

ಇವರೆಲ್ಲ ಇದನ್ನು ಮನೆ ನಂಬರ್ ಬದಲಾದ ಹಾಗೆ ಅಂದುಕೊಂಡಿದ್ದಾರೆ. ಮನೆ ಅದೇ, ಬಾಗಿಲ ಮೇಲಿನ ಬೋರ್ಡ್ ಮಾತ್ರ ಹೊಸದು ಅಂತ. ಆದರೆ ಎಷ್ಟೋ ಕಡೆ ಮನೆಯೇ ಪಾಲಾಗಿರುತ್ತದೆ. ಯಾವ ಕೋಣೆ ಯಾರ ಪಾಲಿಗೆ ಹೋಯಿತು ಅಂತ ಒಳಗೆ ಹೋಗಿಯೇ ನೋಡಬೇಕು.

ಮೊಬೈಲ್ ಫೋನ್ ತಗೊಳ್ಳಿ. ಹಿಂದಿನ ಬದಲಾವಣೆ 2022ರದ್ದು, ಅದಕ್ಕೆ ಮೊದಲು ಎಲ್ಲವೂ 8517.12. ಆಮೇಲೆ ಸ್ಮಾರ್ಟ್‌ಫೋನ್ 8517.13 ಆಯಿತು, ಮಿಕ್ಕ ಮೊಬೈಲ್‌ಗಳು 8517.14 ಆದವು. ಬರೀ ಹಳೆಯ ಕೋಡ್ ನೋಡಿ ಯಾವುದು ಯಾವುದಕ್ಕೆ ಅಂತ ಯಾವ ಪಂಡಿತನೂ ಹೇಳಲಾರ. ಕೀಪ್ಯಾಡ್ ಇದೆಯಾ ಅಂತ ನೋಡಿದರೂ ಸಾಲದು. ಬೇರೆಯವರು ಮಾಡಿದ ಆ್ಯಪ್‌ಗಳನ್ನು ಇಳಿಸಿಕೊಂಡು ಒಟ್ಟೊಟ್ಟಿಗೆ ಓಡಿಸುವಂಥ ಆಪರೇಟಿಂಗ್ ಸಿಸ್ಟಮ್ ಅದರಲ್ಲಿ ಇದೆಯಾ ಅಂತ ಕೋಡ್ ಪುಸ್ತಕದ ಅಧ್ಯಾಯ 85ರ ಟಿಪ್ಪಣಿ ಕೇಳುತ್ತದೆ.

ಡ್ರೋನ್ ಇನ್ನೂ ಮಜಾ. 2022ರಲ್ಲಿ ಅದಕ್ಕೆ 8806 ಅಂತ ಸ್ವಂತ ಮನೆ ಸಿಕ್ಕಿತು. ಅದಕ್ಕೆ ಮೊದಲು ಕ್ಯಾಮೆರಾ ಇದ್ದ ಡ್ರೋನ್ ಕ್ಯಾಮೆರಾಗಳ ಜೊತೆ ಹೋಗಿದ್ದೂ ಉಂಟು. ಬರೀ ಆಟಕ್ಕೆ ಅಂತಲೇ ಮಾಡಿದ ಹಾರುವ ಆಟಿಕೆ ಈಗಲೂ 9503ರಲ್ಲೇ ಇದೆ. 8806ರ ಒಳಗಿನ ಭಾಗಗಳು ತೂಕದ ಮೇಲೆ ನಿಂತಿವೆ: 250 ಗ್ರಾಂವರೆಗೆ, 7 ಕಿಲೋವರೆಗೆ, 25 ಕಿಲೋವರೆಗೆ, ಹೀಗೆ. ಅದು ಹಾರುವಾಗ ಹೊರಬಹುದಾದ್ದೂ ಸೇರಿದ ಗರಿಷ್ಠ ಟೇಕಾಫ್ ತೂಕ. ನಿಮ್ಮ ಐಟಂ ಮಾಸ್ಟರ್‌ನಲ್ಲಿ, ಅಂದರೆ ಸಿಸ್ಟಮ್‌ನ ಸಾಮಾನು ಪಟ್ಟಿಯಲ್ಲಿ, ಇರುವುದು ನೆಟ್ ತೂಕ ಮತ್ತು ಪ್ಯಾಕಿಂಗ್ ಸೇರಿದ ತೂಕ, ಅಲ್ವಾ? ಕೇಳಿದ ಪ್ರಶ್ನೆಗೆ ಉತ್ತರವೇ ಅಲ್ಲಿಲ್ಲ. ಕೋಡ್ ಬದಲಾದಾಗ ಹಳೆಯ ಸಾಮಾನಿನ ಬಗ್ಗೆ ಹೊಸ ಪ್ರಶ್ನೆ ಹುಟ್ಟುತ್ತದೆ, ನಾನು ನೂರು ಸಲ ಹೇಳುವುದು ಇದನ್ನೇ.

ಒಂದು ಕಥೆ ಹೇಳುತ್ತೇನೆ. 2022ರ ಬದಲಾವಣೆಯ ಹೊತ್ತಿನಲ್ಲಿ ಒಂದು ಕಂಪನಿಯ ಪಟ್ಟಿ ಬಂತು. ನಲವತ್ತು ಚಿಲ್ಲರೆ ಸಾಲು, ಎಲ್ಲ "ಡಿಸ್‌ಪ್ಲೇ 7 ಇಂಚು", ಎಲ್ಲಕ್ಕೂ ಒಂದೇ ಕೋಡ್. ಹೊಸ ಕೋಡ್ ಅದರ ಮೇಲೆ ನಿಂತಿದ್ದರಿಂದ, ಡ್ರೈವರ್ ಅಥವಾ ಕಂಟ್ರೋಲ್ ಸರ್ಕ್ಯೂಟ್ (ಪರದೆಯನ್ನು ನಡೆಸುವ ಭಾಗ) ಇದೆಯಾ ಅಂತ ಖರೀದಿ ವಿಭಾಗಕ್ಕೆ ಕೇಳಿದೆ. ಅವರು ಎಂಜಿನಿಯರ್ ಕಡೆ ಕೈ ತೋರಿಸಿದರು. ಎಂಜಿನಿಯರ್ ಸಪ್ಲೈಯರ್ ಕಡೆ ತೋರಿಸಿದರು. ಸಪ್ಲೈಯರ್ ಚೆಂದದ ಬ್ರೋಷರ್ ಕಳಿಸಿದರು, ಅದರಲ್ಲಿ ಡಿಸ್‌ಪ್ಲೇಯ ಮುಂಭಾಗದ ಫೋಟೋ ಮಾತ್ರ. ಎರಡು ವಾರ ಹೋಯಿತು.

ಕೊನೆಗೆ ಗೋದಾಮಿನವರ ಜೊತೆ ವಿಡಿಯೋ ಕಾಲ್ ಮಾಡಿದೆ. ಅವರು ಮೂರು ಡಬ್ಬಿ ಬಿಚ್ಚಿ ಒಂದೊಂದನ್ನೇ ಮಗುಚಿ ಕ್ಯಾಮೆರಾಗೆ ಹಿಡಿದರು. ಮೊದಲನೆಯದು ಬರೀ ಗಾಜು, ಅಂಚಿನಲ್ಲಿ ಗಿಡ್ಡ ರಿಬ್ಬನ್ ಕೇಬಲ್. ಎರಡನೆಯದರ ಅಂಚಿನಲ್ಲಿ ಅಕ್ಕಿಕಾಳಿಗಿಂತ ತೆಳು, ಉದ್ದನೆಯ ಕಪ್ಪು ಚಿಪ್. ಮೂರನೆಯದರ ಬೆನ್ನಿಗೆ ಅಂಗೈ ಅಗಲದ ಹಸಿರು ಬೋರ್ಡ್. ಪಾರ್ಟ್ ನಂಬರ್‌ನಲ್ಲಿ ಕೊನೆಯ ಅಕ್ಷರ ಮಾತ್ರ ಬೇರೆ. "ಇವು ಬೇರೆ ಬೇರೆ ಅಂತ ನಾನು ಮೊದಲಿಂದ ಹೇಳ್ತಾನೇ ಇದ್ದೀನಿ ಸರ್, ಯಾರು ಕೇಳ್ತಾರೆ" ಅಂದರು. ಆ ಕಂಪನಿಯಲ್ಲಿ ನನಗೆ ತುಂಬಾ ಇಷ್ಟವಾದ ಮನುಷ್ಯ ಅವರೇ.

ಮೂರೂ ಎಲ್‌ಸಿಡಿ. ಡ್ರೈವರ್ ಇಲ್ಲದ ಮೊದಲನೆಯದು 8524.11. ಡ್ರೈವರ್ ಚಿಪ್ ಇದ್ದ ಎರಡನೆಯದು 8524.91. ಮೂರನೆಯದರ ಬೋರ್ಡ್‌ನಲ್ಲಿ ವಿಡಿಯೋ ಸಿಗ್ನಲ್ ಪರಿವರ್ತಿಸುವ ಸ್ಕೇಲರ್ ಇತ್ತು, ಹಾಗಾಗಿ ಅದು 8524ರಿಂದಲೇ ಹೊರಗೆ. ಎಲ್ಲಿಗೆ ಸೇರುತ್ತದೆ ಅನ್ನುವುದು ಆ ಬೋರ್ಡ್ ಇನ್ನೂ ಏನೇನು ಮಾಡುತ್ತದೆ ಅನ್ನುವುದರ ಮೇಲೆ. ನಿಮ್ಮ ಡಿಸ್‌ಪ್ಲೇಗೆ ಇದನ್ನೇ ಕಣ್ಣುಮುಚ್ಚಿ ಹಾಕಬೇಡಿ, ದಯವಿಟ್ಟು.

"ಕೋರಿಲೇಷನ್ ಟೇಬಲ್ ಇದೆಯಲ್ಲ?" ಅಂತ ಕೇಳುತ್ತಾರೆ, ಹಳೆಯ ಮತ್ತು ಹೊಸ ಕೋಡ್‌ಗಳನ್ನು ಜೋಡಿಸಿದ ಪಟ್ಟಿ. ಇದೆ. ವಿಶ್ವ ಕಸ್ಟಮ್ಸ್ ಸಂಸ್ಥೆಯೇ ಕೊಡುತ್ತದೆ, ಹಳೆಯದರಿಂದ ಹೊಸದಕ್ಕೂ ಹೊಸದರಿಂದ ಹಳೆಯದಕ್ಕೂ. ಅದರಲ್ಲಿ ಕೆಲವು ಕೋಡ್‌ಗಳ ಹಿಂದೆ ಪುಟ್ಟದಾಗಿ "ಎಕ್ಸ್" ಅಂತ ಇರುತ್ತದೆ. ಆ ಕೋಡ್‌ನ ಒಂದು ಭಾಗ ಮಾತ್ರ ಅಂತ ಅದರ ಅರ್ಥ. ಫೈಲನ್ನು ಸಿಸ್ಟಮ್‌ಗೆ ಹಾಕುವಾಗ ಜನ ಮೊದಲು ಅಳಿಸುವುದು ಅದನ್ನೇ, ಕಾಲಂ ನೀಟಾಗಿ ಕಾಣಲಿ ಅಂತ! ಆ ಟೇಬಲ್ ದಾರಿ ತೋರಿಸುತ್ತದೆ ಅಷ್ಟೇ, ಕಾನೂನಿನ ಬಲ ಅದಕ್ಕಿಲ್ಲ. ಒಂದಕ್ಕೆ ಒಂದೇ ಅಂತ ಇರುವ ಸಾಲುಗಳನ್ನು ನೀವೇ ಮುಗಿಸಿ. ಎಕ್ಸ್ ಇರುವುದನ್ನು ಬೇರೆ ಹಾಳೆಗೆ ಹಾಕಿ. ನಿಜವಾದ ಕೆಲಸ ಆ ಹಾಳೆಯಲ್ಲಿದೆ.

ಈ ಸಲ ಯಾರಿಗೆ ಬಿಸಿ ಜಾಸ್ತಿ? ಲಸಿಕೆ, ಪ್ಲಾಸ್ಟಿಕ್ ತ್ಯಾಜ್ಯ, ಆಹಾರ ಪೂರಕಗಳ ವ್ಯವಹಾರದವರು ಈಗಲೇ ಎದ್ದು ಕೂರಬೇಕು. ಅದರಲ್ಲೂ ಪೂರಕದವರು. ಎಲ್ಲಾ ಮಾತ್ರೆ, ಪುಡಿ, ಸಿರಪ್ಪುಗಳನ್ನು 2106.90 ಅನ್ನುವ ಗೋಣಿಚೀಲಕ್ಕೆ ತುಂಬಿಟ್ಟವರನ್ನು ನಾನು ಬಲ್ಲೆ. ಈಗ ಪೂರಕಗಳಿಗೇ ಬೇರೆ ಶೀರ್ಷಿಕೆ (ನಾಲ್ಕು ಅಂಕಿಯ ಕೋಡ್) ಬರುತ್ತಿದೆ. ಚೀಲ ಬಿಚ್ಚಿದಾಗ ಹೊಸ ಕೋಡ್ ಸಿಗುವುದರ ಜೊತೆಗೆ ಹಳೆಯ ತಪ್ಪೂ ಹೊರಬೀಳಬಹುದು. ಹಾಗಾದರೆ ಅದನ್ನು ಸದ್ದಿಲ್ಲದೆ ಹೊಸ ಕೋಡ್‌ನೊಳಗೆ ಹೂಳಬೇಡಿ. ಹಿಂದೆ ಕಟ್ಟಿದ ಸುಂಕದ ಪ್ರಶ್ನೆ ಏಳುತ್ತದೆ, ಮೊದಲು ವಕೀಲರ ಹತ್ತಿರ ಮಾತಾಡಿ.

ಹಳೆಯ ಕೋಡನ್ನು ಅಳಿಸಲೂ ಬೇಡಿ. ಎಲ್ಲಾ ದೇಶಗಳೂ ಅದೇ ದಿನ ಹೊಸದಕ್ಕೆ ಬದಲಾಗುವುದಿಲ್ಲ, 2022ರಲ್ಲೂ ಎಷ್ಟೋ ದೇಶಗಳು ತಡ ಮಾಡಿದವು. ಮುಕ್ತ ವ್ಯಾಪಾರ ಒಪ್ಪಂದಗಳ ಮೂಲದ ನಿಯಮಗಳು, ಅಂದರೆ ಸರಕು ಯಾವ ದೇಶದ್ದು ಅಂತ ತೀರ್ಮಾನಿಸುವ ನಿಯಮಗಳು, ಇನ್ನೂ ಹಿಂದಿವೆ. ಪೆಸಿಫಿಕ್ ಭಾಗದ ಹಲವು ದೇಶಗಳಿರುವ ಸಿಪಿಟಿಪಿಪಿ ಒಪ್ಪಂದದ ನಿಯಮಗಳನ್ನು ಬರೆದಿರುವುದು 2012ರ ಕೋಡ್‌ಗಳಲ್ಲಿ. ಹಾಗಾಗಿ ಒಂದೇ ಐಟಂಗೆ ಇನ್‌ವಾಯ್ಸ್‌ನಲ್ಲಿ ಒಂದು ಕೋಡ್, ಮೂಲದ ಲೆಕ್ಕಕ್ಕೆ ಇನ್ನೊಂದು ಬೇಕಾಗಬಹುದು. ಮಾಸ್ಟರ್‌ನಲ್ಲಿ ಕೋಡ್‌ಗೆ ಒಂದೇ ಜಾಗ ಇದ್ದರೆ ಅದನ್ನು ಜಾಸ್ತಿ ಮಾಡಿಸಿ, ಪಕ್ಕದಲ್ಲಿ ಯಾವ ವರ್ಷದ ಆವೃತ್ತಿ ಅಂತಲೂ ಬರೆಯಿಸಿ. ಸಾಫ್ಟ್‌ವೇರ್‌ನವರು ಇದಕ್ಕೇ ಆರು ತಿಂಗಳು ಕೇಳುತ್ತಾರೆ.

ಬದಲಾವಣೆಯ ದಿನ ಸಮುದ್ರದ ಮೇಲಿರುವ ಸರಕಿಗೆ ಯಾವ ಕೋಡ್ ಅಂತಲೂ ಕೇಳುತ್ತಾರೆ. ಸಾಮಾನ್ಯವಾಗಿ ಸರಕು ಇಳಿಯುವ ದೇಶದ ನಿಯಮ ನಡೆಯುತ್ತದೆ. ಯಾವ ದಿನಾಂಕ ಲೆಕ್ಕ ಅನ್ನುವುದನ್ನು ಅಲ್ಲಿನ ಏಜೆಂಟ್‌ನಿಂದ ಲಿಖಿತವಾಗಿ ತರಿಸಿಕೊಳ್ಳಿ.

ಈಗ ನನಗೆ ಕಳಿಸುವ ಫೈಲಿಗೆ ಬರೋಣ. ಒಂದೊಂದು ಐಟಂ ಯಾವುದರಿಂದ ಮಾಡಿದ್ದು, ಏನು ಕೆಲಸ ಮಾಡುತ್ತದೆ, ಯಾವುದರೊಳಗೆ ಕೂರುತ್ತದೆ ಅಂತ ಒಂದೆರಡು ಸಾಲು ಬರೆಯಿರಿ. ಅದನ್ನು ದಿನಾ ಮುಟ್ಟುವವರ ಹತ್ತಿರ ಬರೆಸಿದರೆ ಇನ್ನೂ ಒಳ್ಳೆಯದು. ಫೋಟೋ ಹಾಕಿ. ಹಿಂಬದಿಯದೂ.