ಕೋಣೆ ದಾಟದ ರೇಡಿಯೋ ಸ್ಟೇಷನ್

ಹೋದ ಶ್ರಾವಣದಲ್ಲಿ ಗುಳೇದಗುಡ್ಡದಿಂದ ಒಬ್ಬರು ಹಳೇ ವಾಲ್ವ್ ರೇಡಿಯೋ ಹೊತ್ತುಕೊಂಡು ಬಾಗಲಕೋಟೆಯ ನನ್ನ ಅಂಗಡಿಗೆ ಬಂದರು. ಖಣ ನೇಯುವ ಮನೆ ಅವರದು. ಅವರ ಅಪ್ಪ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಇಡೀ ಆಯುಷ್ಯ ನೇಯ್ದದ್ದು ಈ ರೇಡಿಯೋ ಕೇಳುತ್ತಲೇ ಅಂತೆ. ಹಿಂದಿನ ರಟ್ಟು ಬಿಚ್ಚಿದರೆ ಒಳಗೆಲ್ಲ ನೂಲಿನ ಧೂಳು, ಹತ್ತಿಯ ಹಾಗೆ ಮೆತ್ತಿಕೊಂಡಿತ್ತು. ಕೆಲಸ ನಾಲ್ಕು ದಿನ ಹಿಡಿಯಿತು. ಲೀಕ್ ಆಗಿದ್ದ ಪೇಪರ್ ಕಂಡೆನ್ಸರ್‌ಗಳನ್ನು ಬದಲಿಸಿ, ವಾಲ್ವ್ ಕಾಲುಗಳನ್ನು ಒರೆಸಿ, 100 ವ್ಯಾಟಿನ ಬಲ್ಬು ಸೀರೀಸಿನಲ್ಲಿ ಹಾಕಿ ಕರೆಂಟ್ ಕೊಟ್ಟೆ. ಡಯಲ್ ದೀಪ ಹತ್ತಿತು. ಸ್ಟೇಷನ್ ಎಷ್ಟು ಸರಿಯಾಗಿ ಸಿಕ್ಕಿದೆ ಅಂತ ತೋರಿಸುವ ಹಸಿರು ಕಣ್ಣು ನಿಧಾನಕ್ಕೆ ಬೆಳಗಿತು. ಸೆಟ್ಟು ಸರಿಯಾಗಿತ್ತು. ಆದರೆ ಮುಳ್ಳನ್ನು ಈ ತುದಿಯಿಂದ ಆ ತುದಿವರೆಗೆ ತಿರುಗಿಸಿದರೂ ಬರೀ ಗರ್ ಗರ್.

"ರಿಪೇರಿ ಆಗೈತಿ ಅಂತೀರಿ, ಬರೇ ಗುರ್ ಅಂತೈತಲ್ರೀ ಸರ?" ಅಂದರು. ಆ ಮುಖ ನೋಡಿ ನನಗೆ ಸಂಕಟ ಆಯ್ತು.

ತಪ್ಪು ಸೆಟ್ಟಿನದಲ್ಲ. ಅಂಗಡಿ ಸುತ್ತ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಯುಪಿಎಸ್. ಇವೆಲ್ಲ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಕತ್ತರಿಸಿ ಕೊಡುವ ಸಾಮಾನುಗಳು. ಆ ಗದ್ದಲ ನೇರ ಬಂದು ಕೂರುವುದು ಮೀಡಿಯಂ ವೇವ್ ಮೇಲೆಯೇ. ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್ ಕೂಡ ಅದರಲ್ಲಿ ಮುಳುಗಿ ಹೋಗಿತ್ತು. ಇಂಥ ಸೆಟ್ಟಿಗೆ ದನಿ ಕೊಡುವ ದಾರಿ ಒಂದೇ: ಅದರ ಪಕ್ಕದಲ್ಲೇ ಒಂದು ಪುಟ್ಟ ಎಎಂ ಟ್ರಾನ್ಸ್‌ಮಿಟರ್ ಇಡುವುದು. ಮೊಬೈಲಿನಲ್ಲಿರುವ ಹಾಡು ಅದರೊಳಗೆ ಹೋಗಬೇಕು, ಅಲ್ಲಿಂದ ರೇಡಿಯೋದ ಏರಿಯಲ್ಲಿಗೆ, ಮುಂದೆ ಎಲ್ಲ ವಾಲ್ವ್ ದಾಟಿ ಸ್ಪೀಕರಿಗೆ. ಕೆಲವರು ಹಳೇ ಪೆಟ್ಟಿಗೆಯ ಒಳಗೆ ಬ್ಲೂಟೂತ್ ಬೋರ್ಡ್ ಕೂರಿಸಿ ಸ್ಪೀಕರಿಗೆ ಜೋಡಿಸಿ ಕೊಡುತ್ತಾರೆ. ನಾನು ಮಾಡುವುದಿಲ್ಲ. ಆಗ ಉಳಿಯುವುದು ಪೆಟ್ಟಿಗೆ ಮಾತ್ರ, ರೇಡಿಯೋ ಅಲ್ಲ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ದಯವಿಟ್ಟು ಗಂಭೀರವಾಗಿ ತಗೊಳ್ಳಿ. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಮೀಡಿಯಂ ವೇವ್‌ನಲ್ಲಿ ಪ್ರಸಾರ ಮಾಡುವಂತಿಲ್ಲ. ಇಂಟರ್‌ನೆಟ್‌ನಲ್ಲಿ 100 ಮಿಲಿವ್ಯಾಟ್ ಮತ್ತು 3 ಮೀಟರ್ ಏರಿಯಲ್ ಅಂತ ಒಂದು ಲೆಕ್ಕ ಎಲ್ಲ ಕಡೆ ಕಾಣುತ್ತದೆ, ಅಲ್ವಾ? ಅದು ಅಮೆರಿಕದ ನಿಯಮ, ನಮ್ಮದಲ್ಲ. ಅದಕ್ಕೇ ನಾನು ಕಟ್ಟುವ ಟ್ರಾನ್ಸ್‌ಮಿಟರ್‌ಗೆ ಏರಿಯಲ್ಲೇ ಇರುವುದಿಲ್ಲ, ಸುರುಳಿ ಮಾತ್ರ. ಸರ್ವಿಸ್ ಬೆಂಚಿನ ಸಿಗ್ನಲ್ ಜನರೇಟರ್‌ನ ಹಾಗೆ ಅದು ಪಕ್ಕದ ಸೆಟ್ಟಿಗಷ್ಟೇ ಕೇಳಬೇಕು.

ಸುರುಳಿ ಯಾಕೆ ಅಂದರೆ, ಹತ್ತಿರದಲ್ಲಿ ಅದರ ಕಾಂತಕ್ಷೇತ್ರ ಜೋರಾಗಿರುತ್ತದೆ, ದೂರ ಹೋದ ಹಾಗೆ ತಟ್ಟನೆ ಇಳಿಯುತ್ತದೆ. ದೂರ ಎರಡು ಪಟ್ಟಾದರೆ ಬಲ ಎಂಟರಲ್ಲಿ ಒಂದು ಪಾಲು, ನಾಲ್ಕು ಪಟ್ಟಾದರೆ ಅರವತ್ನಾಲ್ಕರಲ್ಲಿ ಒಂದು ಪಾಲು. ಒಂದಡಿ ದೂರದ ಸೆಟ್ಟಿಗೆ ಧಾರಾಳ ಸಾಕಾಗುವ ಸಿಗ್ನಲ್ ಪಕ್ಕದ ಮನೆಗೆ ಹೋಗುವಷ್ಟರಲ್ಲಿ ಗದ್ದಲದ ಕೆಳಗೆ ಕರಗಿಬಿಡುತ್ತದೆ. ನಮಗೆ ಬೇಕಿರುವುದೂ ಅದೇ.

ಇನ್ನು ಕಟ್ಟುವ ವಿಷಯ. ಮೊದಮೊದಲು ನಾನು ಎಲ್ಲರ ಹಾಗೆ ಒಂದೇ ಟ್ರಾನ್ಸಿಸ್ಟರ್ ಹಾಕಿ, ಹಳೇ ಟ್ರಾನ್ಸಿಸ್ಟರ್ ರೇಡಿಯೋದ ಕೆಂಪು ಕೋರಿನ ಕಾಯಿಲ್ ಹಾಕಿ ಮಾಡುತ್ತಿದ್ದೆ. ಕೆಲಸ ಮಾಡುತ್ತದೆ, ಆದರೆ ನಿಲ್ಲುವುದಿಲ್ಲ. ಕೈ ಹತ್ತಿರ ತಂದರೆ ಸ್ಟೇಷನ್ ಜರುಗುತ್ತದೆ. ಮಧ್ಯಾಹ್ನದ ಬಿಸಿಗೆ ಜರುಗುತ್ತದೆ. ಹಾಡು ಜೋರಾದಾಗಲೂ ಜರುಗುತ್ತದೆ, ಯಾಕಂದರೆ ಅಲ್ಲಿ ತರಂಗ ಹುಟ್ಟಿಸುವುದೂ ಹಾಡು ಬೆರೆಸುವುದೂ ಒಂದೇ ಟ್ರಾನ್ಸಿಸ್ಟರ್. ಹಾಡಿನ ಜೊತೆ ವೋಲ್ಟೇಜ್ ಏರಿಳಿದರೆ ಫ್ರೀಕ್ವೆನ್ಸಿಯೂ ಅಲುಗಾಡುತ್ತದೆ. ಕೇಳುವವರಿಗೆ ದನಿ ಒಡೆದಂತೆ ಅನ್ನಿಸುತ್ತದೆ, ಕಾರಣ ಮಾತ್ರ ಗೊತ್ತಾಗುವುದಿಲ್ಲ.

ಈಗ ಎರಡೂ ಕೆಲಸ ಬೇರೆ ಮಾಡಿದ್ದೇನೆ. ತರಂಗಕ್ಕೆ 1 ಮೆಗಾಹರ್ಟ್ಸ್‌ನ ರೆಡಿ ಕ್ರಿಸ್ಟಲ್ ಆಸಿಲೇಟರ್: ನಾಲ್ಕು ಕಾಲಿನ, ಬೆಂಕಿಪೊಟ್ಟಣಕ್ಕಿಂತ ಚಿಕ್ಕ ತಗಡಿನ ಡಬ್ಬಿ. 9 ವೋಲ್ಟ್ ಬ್ಯಾಟರಿಯಿಂದ 7805 ಐಸಿ ಮೂಲಕ ಅದಕ್ಕೆ ಗಟ್ಟಿಯಾಗಿ 5 ವೋಲ್ಟ್ ಕೊಡಿ, ಆಮೇಲೆ ಅದನ್ನು ಮುಟ್ಟಬೇಡಿ. ಅದರ ಔಟ್‌ಪುಟ್ 10 ಕಿಲೋಓಮ್ ರೆಸಿಸ್ಟರ್ ಮೂಲಕ ಒಂದು ಬಿಸಿ547 ಟ್ರಾನ್ಸಿಸ್ಟರಿನ ಬೇಸಿಗೆ. ಎಮಿಟರ್‌ನಿಂದ ಗ್ರೌಂಡಿಗೆ 470 ಓಮ್. ಕಲೆಕ್ಟರ್‌ಗೆ ಸುರುಳಿ ಮತ್ತು ತಿರುಗಿಸಿ ಹೊಂದಿಸುವ ಗ್ಯಾಂಗ್ ಕಂಡೆನ್ಸರ್ ಜೋಡಿ. ಸುರುಳಿಯ ಇನ್ನೊಂದು ತುದಿಗೆ ಬರುವ 5 ವೋಲ್ಟ್ ಮಾತ್ರ ನೇರ ಬರಬಾರದು, ಹಳೇ ಟ್ರಾನ್ಸಿಸ್ಟರ್ ರೇಡಿಯೋದ ಸಣ್ಣ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಜಾಸ್ತಿ ಓಮಿನ ಸುತ್ತನ್ನು ಹಾದು ಬರಬೇಕು. ಆ ಸುತ್ತು ಮುಗಿದು ಸುರುಳಿಗೆ ಸೇರುವ ಜಾಗದಿಂದ ಗ್ರೌಂಡಿಗೆ 1 ನ್ಯಾನೋಫ್ಯಾರಡ್ ಹಾಕಿ. ಟ್ರಾನ್ಸ್‌ಫಾರ್ಮರ್‌ನ 8 ಓಮ್ ಕಡೆಗೆ ಒಂದು ಎಲ್‌ಎಂ386 ಆಂಪ್ಲಿಫೈಯರ್, ಅದಕ್ಕೆ ಮೊಬೈಲಿನ ಹಾಡು. ಹಾಡು ಏರಿಳಿದಂತೆ ಕಲೆಕ್ಟರಿನ ವೋಲ್ಟೇಜ್ ಏರಿಳಿಯುತ್ತದೆ, ತರಂಗದ ಎತ್ತರ ಏರಿಳಿಯುತ್ತದೆ. ಎಎಂ ಅಂದರೆ ಇಷ್ಟೇ. ಟ್ರಾನ್ಸಿಸ್ಟರ್ ಎಳೆಯುವ ಕರೆಂಟ್ 5 ಮಿಲಿಆಂಪಿಯರ್ ಆಸುಪಾಸು, ಅಂದರೆ 25 ಮಿಲಿವ್ಯಾಟ್. ಸಾಕು, ಜಾಸ್ತಿ ಆಸೆ ಬೇಡ.

ಸುರುಳಿಗೆ 30 ಸೆಂಟಿಮೀಟರ್ ಚೌಕದ ರಟ್ಟಿನ ಡಬ್ಬಿ ತಗೊಂಡು ಅದರ ಸುತ್ತ ತೆಳು ವೈರನ್ನು ಹದಿನೈದು ಹದಿನಾರು ಸುತ್ತು ಸುತ್ತಿ. ಗ್ಯಾಂಗ್ ತಿರುಗಿಸುತ್ತಾ ಹೋದರೆ ಅದು 1000 ಕಿಲೋಹರ್ಟ್ಸ್‌ಗೆ ಹೊಂದುವ ಜಾಗ ಸಿಗುತ್ತದೆ. ಆಸಿಲೇಟರ್ ಕೊಡುವುದು ಚೌಕ ಅಲೆ. ಅದರ ಜೊತೆ 3 ಮೆಗಾಹರ್ಟ್ಸ್, 5 ಮೆಗಾಹರ್ಟ್ಸ್‌ನ ಬೇಡದ ಅಲೆಗಳೂ ಬರುತ್ತವೆ, ಸುರುಳಿ ಗ್ಯಾಂಗ್ ಜೋಡಿ ಅವನ್ನು ಬಹಳಷ್ಟು ತಡೆಯುತ್ತದೆ. ಆಸಿಲೇಟರಿಗೇ ಉದ್ದ ವೈರ್ ಕಟ್ಟಿ ಬಿಡುವ ನಕ್ಷೆ ಕಂಡರೆ ಅದನ್ನು ಬಿಟ್ಟುಬಿಡಿ.

ಬೇರೆ ಫ್ರೀಕ್ವೆನ್ಸಿ ಆರಿಸುವವರು 910ರ ಹತ್ತಿರ ಹೋಗಬೇಡಿ. ಯಾವ ಸ್ಟೇಷನ್ ಹಿಡಿದರೂ ಸೆಟ್ಟು ಒಳಗೆ ಅದನ್ನು ಒಂದೇ ಫ್ರೀಕ್ವೆನ್ಸಿಗೆ ಬದಲಿಸಿಕೊಳ್ಳುತ್ತದೆ, ಅದಕ್ಕೆ ಐಎಫ್ ಅಂತಾರೆ. ಬಹಳಷ್ಟು ಸೆಟ್ಟುಗಳಲ್ಲಿ ಅದು 455, ಅದರ ಎರಡು ಪಟ್ಟು 910. ಅಲ್ಲಿ ಸೆಟ್ಟು ತನ್ನಷ್ಟಕ್ಕೆ ತಾನೇ ಸಿಳ್ಳೆ ಹೊಡೆಯುತ್ತದೆ. 765ರ ಹತ್ತಿರವಂತೂ ಬೇಡವೇ ಬೇಡ.

ಮೊಬೈಲಿನಿಂದ ಎರಡು ಚಾನೆಲ್ ಬರುತ್ತದಲ್ಲ, ಅವೆರಡನ್ನೂ ಸುಮ್ನೆ ಕೂಡಿಸಿ ಬೆಸುಗೆ ಹಾಕಬೇಡಿ. ಒಂದೊಂದಕ್ಕೂ 1 ಕಿಲೋಓಮ್ ಹಾಕಿ ಆಮೇಲೆ ಕೂಡಿಸಿ. ಸರ್ಕ್ಯೂಟನ್ನು ಚಾರ್ಜರ್ ಮೇಲೆ ನಡೆಸಬೇಡಿ, ಸ್ಟೇಷನ್ ಹಿಡಿದಾಗ ಮಾತ್ರ ಕೇಳುವ ಒಂದು ಹಮ್ ಬರುತ್ತದೆ. ಆ ಹಮ್ ಹುಡುಕುತ್ತಾ ಒಳ್ಳೆಯ ಸೆಟ್ಟಿನ ಫಿಲ್ಟರ್ ಕಂಡೆನ್ಸರ್ ಕಿತ್ತವರನ್ನು ನೋಡಿದ್ದೇನೆ. ಬ್ಯಾಟರಿ ಹಾಕಿದರೆ ಹೋಯ್ತು.

ಈಗ ಜೀವಕ್ಕೆ ಸಂಬಂಧಪಟ್ಟದ್ದು. ಹಳೇ ವಾಲ್ವ್ ಸೆಟ್ಟುಗಳಲ್ಲಿ ಎಸಿ ಡಿಸಿ ಎರಡಕ್ಕೂ ನಡೆಯುವ ಒಂದು ಜಾತಿ ಇದೆ. ಅವುಗಳಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಒಳಗಿನ ತಗಡಿನ ಚೌಕಟ್ಟು, ಅಂದರೆ ಚಾಸಿಯೇ, ಒಂದು ವೈರಿನ ಮೂಲಕ ನೇರ ಕರೆಂಟಿಗೆ ಸೇರಿರುತ್ತದೆ. ಪ್ಲಗ್ ತಿರುಗಿಸಿ ಹಾಕಿದರೆ ಇಡೀ ಚಾಸಿಯಲ್ಲಿ 230 ವೋಲ್ಟ್. ವಾಲ್ವಿನ ಹೆಸರು ಓದಿ. ಇಸಿಎಚ್81, ಇಎಲ್84 ಹೀಗೆ ಇ ಇಂದ ಶುರುವಾದರೆ ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟು. ಯುಸಿಎಚ್81, ಯುಎಲ್84 ಹೀಗೆ ಯು ಇಂದ ಶುರುವಾದರೆ ಚಾಸಿ ಮುಟ್ಟುವ ಮಾತೇ ಇಲ್ಲ. ಯಾವ ಜಾತಿಯೇ ಆಗಲಿ, ಟ್ರಾನ್ಸ್‌ಮಿಟರ್‌ನ ಗ್ರೌಂಡನ್ನು ಸೆಟ್ಟಿಗೆ ಜೋಡಿಸಬೇಡಿ. ಆ ಗ್ರೌಂಡಿಗೆ ಮೊಬೈಲ್ ಸೇರಿದೆ, ಮೊಬೈಲ್ ನಿಮ್ಮ ಮಗನ ಕೈಯಲ್ಲಿದೆ. ಏರಿಯಲ್ ಸಾಕೆಟ್ಟಿಗೆ ಮೇಲ್ಹೊದಿಕೆ ಗಟ್ಟಿಯಿರುವ ಒಂದು ಮೊಳ ವೈರ್ ಸಿಕ್ಕಿಸಿ, ಅದನ್ನು ಸುರುಳಿಯ ಮೇಲೆ ಎರಡು ಸುತ್ತು ಸುತ್ತಿ ತುದಿಗೆ ಟೇಪ್ ಹಚ್ಚಿಬಿಡಿ. ತಾಮ್ರಕ್ಕೆ ತಾಮ್ರ ಎಲ್ಲೂ ತಾಗಬಾರದು. ಸಿಗ್ನಲ್ ದಾಟುತ್ತದೆ, ಕರೆಂಟ್ ದಾಟುವುದಿಲ್ಲ. ಟ್ರಾನ್ಸಿಸ್ಟರ್ ಸೆಟ್ಟಾದರೆ ಅದೂ ಬೇಡ. ಒಳಗಿನ ಫೆರೈಟ್ ಕಡ್ಡಿಯೇ ಹಿಡಿಯುತ್ತದೆ, ಸೆಟ್ಟನ್ನು ಸುರುಳಿಯ ಪಕ್ಕ ಇಟ್ಟು ಜೋರಾಗಿ ಕೇಳುವ ದಿಕ್ಕಿಗೆ ತಿರುಗಿಸಿದರೆ ಸಾಕು.

ಗುಳೇದಗುಡ್ಡದವರ ಎದುರೇ ಕೂತು ಹೊಂದಿಸಿದೆ. ಹಳೇ ಡಯಲ್‌ಗಳಲ್ಲಿ ಮೀಟರ್ ಲೆಕ್ಕ ಇರುತ್ತದೆ, 1000 ಕಿಲೋಹರ್ಟ್ಸ್ ಅಂದರೆ 300 ಮೀಟರ್. ಮುಳ್ಳನ್ನು 300ರ ಕಡೆ ತಂದೆ, ಹಾಡು ಇನ್ನೂ ಹಾಕಿರಲಿಲ್ಲ. ಒಂದು ಜಾಗದಲ್ಲಿ ಗರ್ ಅನ್ನುವುದು ತಟ್ಟನೆ ತಣ್ಣಗಾಯಿತು. ಸ್ಟೇಷನ್ ಸಿಕ್ಕಿದೆ ಅಂತ ಗೊತ್ತಾಗುವುದು ಈ ಮೌನದಿಂದಲೇ. ಆಮೇಲೆ ಪ್ಲಾಸ್ಟಿಕ್ ಕಡ್ಡಿಯಿಂದ ಗ್ಯಾಂಗ್ ತಿರುಗಿಸಿದೆ, ಹಸಿರು ಕಣ್ಣಿನ ರೆಪ್ಪೆಗಳು ಹತ್ತಿರ ಹತ್ತಿರ ಬಂದು ಪೂರಾ ಮುಚ್ಚುವ ಹಾಗಾದವು. ಅಲ್ಲಿಗೆ ಬಿಟ್ಟೆ. ಅವರ ಮೊಬೈಲಿನಲ್ಲಿ ಅಪ್ಪನಿಗೆ ಸೇರುತ್ತಿದ್ದ ಭಜನೆ ಪದ ಇತ್ತು. ವಾಲ್ಯೂಮ್ ಏರಿಸುತ್ತಾ ಹೋಗಿ, ತಾಳದ ಸದ್ದು ಒಡೆಯಲು ಶುರುವಾದ ಕೂಡಲೇ ಸ್ವಲ್ಪ ಇಳಿಸಿದೆ. ಅದಕ್ಕಿಂತ ಏರಿಸಿದರೆ ದನಿ ದೊಡ್ಡದಾಗುವುದಿಲ್ಲ, ಹರಿಯುತ್ತದೆ, ಅಷ್ಟೇ.

"ಅಪ್ಪಾರ ಮಗ್ಗದ ಮ್ಯಾಲ ಹಿಂಗ ಕೇಳತಿತ್ರೀ" ಅಂದರು. ಇನ್ನೇನೂ ಮಾತಾಡಲಿಲ್ಲ.

ಆಮೇಲೆ ಒಂದು ಪಾಕೆಟ್ ಟ್ರಾನ್ಸಿಸ್ಟರ್ ಹಿಡಿದು ಬಾಗಿಲಿನ ಆಚೆ ನಡೆದೆ. ಮೆಟ್ಟಿಲ ಹತ್ತಿರ ಹಾಡು ಮಸುಕಾಯಿತು, ರಸ್ತೆಗೆ ಬರುವಷ್ಟರಲ್ಲಿ ಇಲ್ಲ. ಈ ಪರೀಕ್ಷೆ ಪ್ರತಿ ಸಲ ಮಾಡುತ್ತೇನೆ. ರಸ್ತೆಯಲ್ಲೂ ಕೇಳಿಸಿದರೆ ಎಮಿಟರಿನ 470 ಓಮ್ ತೆಗೆದು 1 ಕಿಲೋಓಮ್ ಹಾಕುತ್ತೇನೆ.

ಹದಿನೈದು ದಿನಕ್ಕೆ ಅವರದೇ ಫೋನ್. ಹಗಲು ಚೆನ್ನಾಗಿದೆ, ರಾತ್ರಿ ಹಾಡಿನ ಹಿಂದೆ ಸಣ್ಣಗೆ ಸಿಳ್ಳೆ ಬರುತ್ತದೆ ಅಂತ. ನಮ್ಮ ದೇಶದ ಮೀಡಿಯಂ ವೇವ್ ಸ್ಟೇಷನ್‌ಗಳು 9 ಕಿಲೋಹರ್ಟ್ಸ್ ಅಂತರದಲ್ಲಿ ಕೂತಿವೆ, ಅದರಲ್ಲಿ 999 ಒಂದು ಜಾಗ. ನಮ್ಮದು 1000. ಹೊತ್ತು ಮುಳುಗಿದ ಮೇಲೆ ದೂರದ ಸ್ಟೇಷನ್‌ಗಳ ಅಲೆ ಆಕಾಶದ ಮೇಲಿನ ಪದರಕ್ಕೆ ಬಡಿದು ವಾಪಸ್ ಬರುತ್ತದೆ, ಎರಡರ ನಡುವಿನ 1 ಕಿಲೋಹರ್ಟ್ಸ್ ಸಿಳ್ಳೆಯಾಗಿ ಕೇಳುತ್ತದೆ. "ಹಿಂದ ಸಾಕೆಟ್ಟಿನ್ಯಾಗ ಏನೇನ್ ಸಿಗಿಸೀರಿ?" ಅಂತ ಕೇಳಿದೆ. ನಮ್ಮ ವೈರಿನ ಜೊತೆಗೆ ಜಂತಿಗೆ ಕಟ್ಟಿದ್ದ ಹಳೇ ತಾಮ್ರದ ಜಾಲರಿ ಏರಿಯಲ್ಲನ್ನೂ ಸಿಕ್ಕಿಸಿದ್ದರು, ಅಪ್ಪ ಹಾಕಿದ್ದು ಅಂತ. ಜಾಲರಿ ಅಲ್ಲೇ ಇರಲಿ, ಅದರ ವೈರ್ ಮಾತ್ರ ಸಾಕೆಟ್ಟಿನಿಂದ ತೆಗೆಯಿರಿ ಅಂದೆ. ಫೋನ್ ಇಡದೆ ಎದ್ದು ಹೋದರು. ಸಿಳ್ಳೆ ನಿಂತದ್ದು ನನಗೂ ಕೇಳಿಸಿತು.