ಒಂದೇ ಕ್ರಾಸ್‌ನಲ್ಲಿ ಪದೇ ಪದೇ ಅಪಘಾತ: ಕೇಳೋದು ಯಾರನ್ನ?

ಪ್ರಶ್ನೆ: ಹಾವೇರಿ ಜಿಲ್ಲೆಯಲ್ಲಿ ಹೆದ್ದಾರಿಗೆ ಹತ್ತಿಕೊಂಡೇ ನಮ್ಮೂರು. ಊರ ಕ್ರಾಸ್‌ನಲ್ಲಿ ವರ್ಷಕ್ಕೆ ಎರಡು-ಮೂರು ದೊಡ್ಡ ಅಪಘಾತ ಆಗತಾವ. ಪೊಲೀಸರು ‘ಹೈವೇದವರನ್ನ ಕೇಳ್ರಿ’ ಅಂತಾರ, ಹೈವೇದವರು ‘ಡಿಸಿ ಸಾಹೇಬರಿಗೆ ಕೊಡ್ರಿ’ ಅಂತಾರ. ಖರೇನ ಹೊಣೆ ಯಾರದು?

ಉತ್ತರ: ಇಬ್ಬರ ಮಾತೂ ಅರ್ಧ ಖರೆ. ನಮ್ಮಲ್ಲಿ ರಸ್ತೆ ಸುರಕ್ಷತೆ ಒಂದೇ ಕಚೇರಿಯ ಕೆಲಸವಲ್ಲ. ಮೋಟಾರು ವಾಹನ ಕಾಯ್ದೆ ಮತ್ತು ರಾಷ್ಟ್ರೀಯ ಹೆದ್ದಾರಿ ಕೇಂದ್ರದ್ದು. ಪೊಲೀಸರು, ಆರ್‌ಟಿಒ, ಆಸ್ಪತ್ರೆ ರಾಜ್ಯದ್ದು. ಇವರನ್ನೆಲ್ಲ ಒಂದೆಡೆ ಕೂಡಿಸುವ ರಾಷ್ಟ್ರೀಯ ಮಂಡಳಿ ಬೇಕೆಂದು, ರಸ್ತೆ ಸುರಕ್ಷತೆಗೆಂದು ಕೇಂದ್ರ ನೇಮಿಸಿದ್ದ ಸುಂದರ್ ಸಮಿತಿ 2007ರಲ್ಲೇ ಹೇಳಿತ್ತು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಆ ಮಂಡಳಿಗೆ ಜಾಗ ಸಿಕ್ಕಿತು, ಆದರೆ ಕಾಯ್ದೆ ಅದಕ್ಕೆ ಕೊಟ್ಟಿದ್ದು ಸಲಹೆ ಕೊಡುವ ಕೆಲಸ. ಕರ್ನಾಟಕಕ್ಕೆ 2017ರ ಕಾಯ್ದೆಯಡಿ ತನ್ನದೇ ರಸ್ತೆ ಸುರಕ್ಷತಾ ಪ್ರಾಧಿಕಾರವಿದೆ. ಇಷ್ಟಿದ್ದರೂ ನಿಮ್ಮ ಕ್ರಾಸ್‌ನ ಮಟ್ಟದಲ್ಲಿ ಎಲ್ಲ ಇಲಾಖೆಯವರು ಒಂದೇ ಮೇಜಿಗೆ ಕೂಡುವ ಜಾಗ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ. ಅಧ್ಯಕ್ಷರು ಜಿಲ್ಲಾಧಿಕಾರಿ. ತಿಂಗಳಿಗೊಮ್ಮೆಯಾದರೂ ಸಭೆ ಆಗಬೇಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಅರ್ಜಿ ಹೋಗಬೇಕಾದದ್ದು ಅಲ್ಲಿಗೇ.

ಆದರೆ ‘ನಮ್ಮೂರ ಕ್ರಾಸ್‌ನಲ್ಲಿ ಬಹಳ ಅಪಘಾತ’ ಎಂದಷ್ಟೇ ಬರೆದರೆ ಅರ್ಜಿ ಫೈಲಿನಲ್ಲಿ ಮಲಗುತ್ತದೆ. ಮೊದಲು ಕಿಲೋಮೀಟರ್ ಕಲ್ಲು ನೋಡಿರಿ. ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ, ಅಂದರೆ ಲೋಕೋಪಯೋಗಿ ಇಲಾಖೆಯದು. ಕಲ್ಲಿನ ಮೇಲಿನ ಸಂಖ್ಯೆ, ಅಲ್ಲಿಂದ ಕ್ರಾಸ್ ಎಷ್ಟು ಮೀಟರ್, ಹುಬ್ಬಳ್ಳಿ ಕಡೆಯ ದಾರಿಯೋ ದಾವಣಗೆರೆ ಕಡೆಯದೋ, ಇಷ್ಟನ್ನೂ ಬರೆದುಕೊಳ್ಳಿರಿ.

ಯಾಕೆಂದರೆ ಇಡೀ ವ್ಯವಸ್ಥೆ ಓಡುವುದು ‘ಬ್ಲ್ಯಾಕ್ ಸ್ಪಾಟ್’, ಅಂದರೆ ಪದೇ ಪದೇ ಅಪಘಾತ ಆಗುವ ಜಾಗದ ಲೆಕ್ಕದ ಮೇಲೆ. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ, ಹಿಂದಿನ ಮೂರು ಕ್ಯಾಲೆಂಡರ್ ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತ ಆಗಿರಬೇಕು, ಇಲ್ಲವೇ 10 ಜನ ಸತ್ತಿರಬೇಕು. ಚರ್ಮ ಕೆತ್ತಿಹೋದದ್ದು, ಠಾಣೆಗೆ ಹೋಗದೆ ಊರಲ್ಲೇ ರಾಜಿಯಾದದ್ದು ಲೆಕ್ಕಕ್ಕಿಲ್ಲ. ರಾಜಿಪಂಚಾಯ್ತಿ ಮಾಡಿ ಆಮೇಲೆ ಹೈವೇದವರನ್ನು ಬೈದರೆ ಪ್ರಯೋಜನವಿಲ್ಲ. ಹೇಳಿದ ಲೆಕ್ಕ ನಿಜವಾದರೆ ನಿಮ್ಮ ಕ್ರಾಸ್ ಈ ಗೆರೆ ದಾಟಿರಲೇಬೇಕು. ಬ್ಲ್ಯಾಕ್ ಸ್ಪಾಟ್ ಪಟ್ಟಿಯಲ್ಲಿ ಇಲ್ಲವೆಂದರೆ ದಾಖಲೆಯಲ್ಲೇ ಎಲ್ಲೋ ತಪ್ಪಿದೆ.

ಸಾಮಾನ್ಯವಾಗಿ ತಪ್ಪುವುದು ಜಾಗದ ವಿವರ. ಈಗ ಪೊಲೀಸರು ಅಪಘಾತವನ್ನು ಇ-ಡಾರ್ ಎಂಬ ಆ್ಯಪ್‌ಗೆ ಏರಿಸುತ್ತಾರೆ, ಅದು ಜಿಪಿಎಸ್ ಸ್ಥಳ ಹಿಡಿಯುತ್ತದೆ. ಸ್ಥಳದಲ್ಲಿ ನಿಂತು ತುಂಬಿದರೆ ಸರಿ. ಠಾಣೆಗೆ ಬಂದು ತುಂಬಿದರೆ ಗುರುತು ಬೇರೆಡೆ ಬೀಳಬಹುದು. ಐದು ಅಪಘಾತ ಐದು ಕಡೆ ಚದುರಿದರೆ ಬ್ಲ್ಯಾಕ್ ಸ್ಪಾಟ್ ಹುಟ್ಟುವುದೇ ಇಲ್ಲ. ಅದಕ್ಕೇ ಠಾಣೆಗೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ, ಮೂರು ವರ್ಷದ ಪ್ರಕರಣಗಳ ಅಪರಾಧ ಸಂಖ್ಯೆ, ದಿನಾಂಕ, ವೇಳೆ, ಸ್ಥಳ, ಸಾವು, ತೀವ್ರ ಗಾಯ ಕೇಳಿರಿ. ಆ ಪಟ್ಟಿ ಲಗತ್ತಿಸಿ ಡಿಸಿಗೆ ಅರ್ಜಿ ಕೊಡಿರಿ, ಪ್ರತಿಗಳನ್ನು ಎಸ್‌ಪಿಗೂ ಹೆದ್ದಾರಿ ಪ್ರಾಧಿಕಾರದ ಯೋಜನಾ ನಿರ್ದೇಶಕರಿಗೂ ಕಳಿಸಿರಿ. ಸ್ವೀಕೃತಿ ಸೀಲು ಮರೆಯಬೇಡಿ.

ಏನು ಬೇಕೆಂದು ಕೇಳುವಾಗ ‘ಹಂಪ್ಸ್ ಹಾಕ್ರಿ’ ಅನ್ನಬೇಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಹಂಪ್ಸ್ ತೆಗೆಸಲು ಕೇಂದ್ರವೇ ಸೂಚಿಸಿದೆ. ವೇಗದ ಲಾರಿ ಒಮ್ಮೆಲೇ ಬ್ರೇಕ್ ಒತ್ತಿದರೆ ಹಿಂದಿನದು ಬಂದು ಗುದ್ದುತ್ತದೆ. ತಕ್ಷಣಕ್ಕೆ ಆಗುವಂಥದ್ದು ಊರಿಂದ ಹೆದ್ದಾರಿಗೆ ಕೂಡುವ ರಸ್ತೆಯ ಮೇಲೆ ಉಬ್ಬುಪಟ್ಟಿ, ಸೋಲಾರ್ ಬ್ಲಿಂಕರ್, ಮಿಂಚುವ ಸ್ಟಡ್, ದೀಪ, ಫಲಕ, ರಸ್ತೆ ನಡುವಿನ ಮೀಡಿಯನ್‌ನ ಕಳ್ಳದಾರಿ ಮುಚ್ಚುವುದು. ಶಾಶ್ವತ ಪರಿಹಾರ ಸರ್ವಿಸ್ ರಸ್ತೆ ಮತ್ತು ಅಂಡರ್‌ಪಾಸ್. ಎರಡನ್ನೂ ಒಂದೇ ಅರ್ಜಿಯಲ್ಲಿ ಕೇಳಿರಿ. ಮೀಡಿಯನ್ ಮಾತ್ರ ಮುಚ್ಚಿ ಯು-ಟರ್ನ್ ಎರಡು ಕಿಲೋಮೀಟರ್ ದೂರ ಇಟ್ಟರೆ ಟ್ರ್ಯಾಕ್ಟರ್‌ನವರು ಎದುರು ದಾರಿ ಹಿಡಿಯುತ್ತಾರೆ, ಇಲ್ಲವೇ ಮೀಡಿಯನ್ ಒಡೆಯುತ್ತಾರೆ. ಸುಗ್ಗಿಯಲ್ಲಿ ರಿಫ್ಲೆಕ್ಟರ್ ಇಲ್ಲದ ಟ್ರೇಲರ್ ಕತ್ತಲಲ್ಲಿ ಕಾಣುವುದಿಲ್ಲ. ಹಿಂಬದಿಗೆ ಕೆಂಪು ರಿಫ್ಲೆಕ್ಟರ್ ಟೇಪ್ ಹಚ್ಚುವುದಕ್ಕೆ ಯಾವ ಸಮಿತಿಯೂ ಬೇಡ.

ರಸ್ತೆಯ ರಚನೆಯೇ ಜೀವ ತೆಗೆಯಬಲ್ಲದು ಅನ್ನುವುದಕ್ಕೆ ಉದಾಹರಣೆ ದೂರ ಹುಡುಕಬೇಕಿಲ್ಲ. ಗಬ್ಬೂರಿನಿಂದ ನರೇಂದ್ರದವರೆಗಿನ ಹುಬ್ಬಳ್ಳಿ-ಧಾರವಾಡ ಬೈಪಾಸ್ ಎರಡೂ ತುದಿಯ ಅಗಲ ಹೆದ್ದಾರಿಯ ನಡುವೆ ವರ್ಷಗಟ್ಟಲೆ ದ್ವಿಪಥವಾಗಿಯೇ ಉಳಿಯಿತು. ಮಧ್ಯೆ ತಡೆ ಇರಲಿಲ್ಲ, ಓವರ್‌ಟೇಕ್ ತಪ್ಪಿದರೆ ಎದುರಾಬದುರಾ ಡಿಕ್ಕಿ. 2021ರ ಜನವರಿಯಲ್ಲಿ ಇಟಿಗಟ್ಟಿ ಬಳಿ ದಾವಣಗೆರೆಯ ಹೆಣ್ಣುಮಕ್ಕಳ ಟೆಂಪೊ ಟ್ರಾವೆಲರ್ ಟಿಪ್ಪರ್‌ಗೆ ಡಿಕ್ಕಿಯಾದ ಮೇಲೆ ಅಗಲೀಕರಣದ ಒತ್ತಾಯ ಜೋರಾಯಿತು. ಇಂಥ ರಸ್ತೆಗೆ ಸ್ವೀಡನ್ ಅಗ್ಗದ ಉಪಾಯ ಮಾಡಿತು: ಮೂರು ಲೇನ್, ನಡುವೆ ಉಕ್ಕಿನ ಹಗ್ಗದ ತಡೆ, ಓವರ್‌ಟೇಕ್ ಲೇನ್ ಸರದಿಯಂತೆ ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ. ಚಾಲಕ ತಪ್ಪುವುದು ಸಹಜ, ಆ ತಪ್ಪಿಗೆ ಸಾವು ಶಿಕ್ಷೆಯಾಗಬಾರದು ಎಂಬ ನೀತಿಯನ್ನು 1997ರಲ್ಲಿ ಅಲ್ಲಿನ ಸಂಸತ್ತೇ ಒಪ್ಪಿತ್ತು.

ನಮ್ಮ ಮೋಟಾರು ವಾಹನ ಕಾಯ್ದೆಯಲ್ಲೂ ಅದರ ನೆರಳಿದೆ. ಮಾನದಂಡ ಪಾಲಿಸದ ರಸ್ತೆಯಿಂದ ಸಾವು ಅಥವಾ ಅಂಗವಿಕಲತೆ ಆದರೆ ರಸ್ತೆಯ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರ ಯಾರೇ ಆಗಲಿ, ಕಲಂ 198ಎ ಅಡಿ 1 ಲಕ್ಷ ರೂಪಾಯಿವರೆಗೆ ದಂಡ. ಮೊತ್ತ ಸಣ್ಣದೇ. ಆದರೂ ಅರ್ಜಿಯಲ್ಲಿ ಈ ಕಲಂ ಹೆಸರಿಸಿದರೆ ಓದುವವರು ಎರಡನೇ ಸಲ ಓದುತ್ತಾರೆ. ಅಷ್ಟರಲ್ಲಿ ಬ್ಲಿಂಕರ್ ಕೆಟ್ಟರೆ, ಗುಂಡಿ ಬಿದ್ದರೆ, ಕೆಟ್ಟ ಲಾರಿ ಲೇನ್‌ನಲ್ಲೇ ನಿಂತಿದ್ದರೆ ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ, ಕಲ್ಲಿನ ಸಂಖ್ಯೆ ಹೇಳಿರಿ.