ಎಂಟರ್ ಒತ್ತಿದ ಮೇಲೂ ಉಳಿಯುವ ಅಕ್ಷರ

ಸಿ ಪ್ರೋಗ್ರಾಮಿಂಗ್ ಭಾಷೆ ಕಲಿಯುವವರಿಗೆ ಈ ಅನುಭವ ಸಾಮಾನ್ಯ. ಲೂಪಿನೊಳಗೆ, ಅಂದರೆ ಮತ್ತೆ ಮತ್ತೆ ನಡೆಯುವ ಕೋಡಿನೊಳಗೆ, ಮೊದಲು ಒಂದು ಸಂಖ್ಯೆ ಕೇಳುತ್ತೀರಿ. ಆಮೇಲೆ ‘ಇನ್ನೊಮ್ಮೆ ಮಾಡಬೇಕಾ? ವೈ ಅಥವಾ ಎನ್’ ಎಂದು ಕೇಳುತ್ತೀರಿ. ಸಂಖ್ಯೆ ಕೊಟ್ಟು ಎಂಟರ್ ಒತ್ತಿದ್ದೇ ತಡ, ಪ್ರೋಗ್ರಾಂ ಎರಡನೇ ಪ್ರಶ್ನೆಗೆ ಕಾಯದೆ ಮುಂದೆ ಓಡಿಬಿಡುತ್ತದೆ. ಕೋಡನ್ನು ಎಷ್ಟು ಸಲ ಓದಿದರೂ ತಪ್ಪು ಸಿಗುವುದಿಲ್ಲ.

ಒತ್ತಿದ ಕೀ ನೇರವಾಗಿ ಪ್ರೋಗ್ರಾಂಗೆ ಹೋಗುತ್ತದೆ ಅಂದುಕೊಂಡಿರುತ್ತೇವೆ, ಅಲ್ವಾ? ಹಾಗಲ್ಲ. ಎಂಟರ್ ಒತ್ತುವವರೆಗೂ ಅದು ಸಾಮಾನ್ಯವಾಗಿ ಆಪರೇಟಿಂಗ್ ಸಿಸ್ಟಂ ಬಳಿಯೇ ಇರುತ್ತದೆ. ಬ್ಯಾಕ್‌ಸ್ಪೇಸ್ ಒತ್ತಿ ತಿದ್ದಲು ಆಗುವುದು ಅದಕ್ಕೇ. ಎಂಟರ್ ಒತ್ತಿದಾಗ ಇಡೀ ಸಾಲು ಒಟ್ಟಿಗೆ ಬಂದು ಬಫರಿನಲ್ಲಿ, ಅಂದರೆ ಪ್ರೋಗ್ರಾಂ ಓದುವವರೆಗೆ ಇನ್‌ಪುಟ್ ಕಾಯುವ ಜಾಗದಲ್ಲಿ, ಕೂರುತ್ತದೆ. ನೀವು 25 ಎಂದು ಕೊಟ್ಟರೆ ಅಲ್ಲಿರುವುದು ಮೂರು ಅಕ್ಷರ: 2, 5, ಮತ್ತೆ ಎಂಟರ್‌ನಿಂದ ಬಂದ ಹೊಸ ಸಾಲಿನ ಗುರುತು. ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯಲ್ಲಿ ಅದರ ಸಂಖ್ಯೆ 10. ಇನ್‌ಪುಟ್ ಓದುವ ಫಂಕ್ಷನ್ ಸ್ಕ್ಯಾನ್‌ಎಫ್. ಸಂಖ್ಯೆ ಬೇಕು ಎನ್ನುವ ಪರ್ಸೆಂಟ್ ಡಿ ಹಾಕಿದರೆ ಅದು ಅಂಕಿಗಳನ್ನು ಮಾತ್ರ ಎತ್ತಿಕೊಂಡು ಆ ಗುರುತನ್ನು ಅಲ್ಲೇ ಬಿಡುತ್ತದೆ. ಆಮೇಲೆ ಬರುವ, ಒಂದು ಅಕ್ಷರ ಬೇಕು ಎನ್ನುವ ಪರ್ಸೆಂಟ್ ಸಿ ಅದನ್ನೇ ನಿಮ್ಮ ಉತ್ತರ ಎಂದು ತೆಗೆದುಕೊಳ್ಳುತ್ತದೆ. ಪರ್ಸೆಂಟ್ ಸಿ ಬರೆಯುವ ಮೊದಲು ಒಂದು ಖಾಲಿ ಜಾಗ ಬಿಟ್ಟರೆ ಸಾಕು, ಈ ತೊಂದರೆ ಹೋಗುತ್ತದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸಂಖ್ಯೆ ಕೇಳಿದಾಗ ಯಾರೋ ಎ ಎಂದು ಟೈಪ್ ಮಾಡಿದರು ಅನ್ನಿ. ಸ್ಕ್ಯಾನ್‌ಎಫ್‌ಗೆ ಅದು ಬೇಡ, ಅಲ್ಲೇ ಬಿಡುತ್ತದೆ. ಲೂಪ್ ತಿರುಗಿ ಬಂದರೆ ಅದೇ ಎ ಎದುರಿಗೆ. ಪರದೆ ತುಂಬ ಒಂದೇ ಪ್ರಶ್ನೆ ಸುರಿಯುತ್ತದೆ, ನಿಲ್ಲುವುದೇ ಇಲ್ಲ. ಸ್ಕ್ಯಾನ್‌ಎಫ್ ತಾನು ಎಷ್ಟು ಮೌಲ್ಯ ಓದಿದೆ ಎಂದು ಪ್ರತಿ ಸಲ ಹೇಳುತ್ತದೆ. ಇಲ್ಲಿ ಅದು 0 ಎಂದಿತ್ತು. ನಾವು ಕೇಳಿಸಿಕೊಳ್ಳಲಿಲ್ಲ, ಅಷ್ಟೇ.

ಬಫರಿನಲ್ಲಿ ಉಳಿದದ್ದನ್ನು ತೆಗೆಯಲು ಎಫ್‌ಫ್ಲಶ್ ಎಂಬ ಫಂಕ್ಷನ್‌ಗೆ ಸ್ಟ್ಯಾಂಡರ್ಡ್ ಇನ್‌ಪುಟ್ (ಸಾಮಾನ್ಯವಾಗಿ ಕೀಬೋರ್ಡಿನಿಂದ ಬರುವುದು) ಕೊಟ್ಟುಬಿಡಿ ಎಂದು ಜಾಸ್ತಿ ಜನ ಹೇಳಿಕೊಡುತ್ತಾರೆ. ದಯವಿಟ್ಟು ಬೇಡ. ಎಫ್‌ಫ್ಲಶ್ ಇರುವುದು ಔಟ್‌ಪುಟ್‌ಗೆ. ಇನ್‌ಪುಟ್ ಮೇಲೆ ಅದು ಏನು ಮಾಡಬೇಕು ಎಂದು ಸಿ ಮಾನದಂಡ ಹೇಳಿಲ್ಲ. ಒಂದು ಕಂಪೈಲರಿನಲ್ಲಿ ನಡೆದದ್ದು ಇನ್ನೊಂದರಲ್ಲಿ ನಡೆಯದೇ ಹೋಗಬಹುದು. ಅದರ ಬದಲು ಗೆಟ್‌ಚಾರ್‌ನಿಂದ ಒಂದೊಂದೇ ಅಕ್ಷರ ಓದಿ ಬಿಸಾಡಿ. ಹೊಸ ಸಾಲಿನ ಗುರುತು ಬಂದರೆ ನಿಲ್ಲಿ, ಇನ್‌ಪುಟ್ ಮುಗಿದರೂ ನಿಲ್ಲಿ. ಓದಿದ್ದನ್ನು ಇಡುವ ವೇರಿಯಬಲ್ ಚಾರ್ (ಅಕ್ಷರದ ಬಗೆ) ಅಲ್ಲ, ಇಂಟ್ (ಪೂರ್ಣಾಂಕದ ಬಗೆ) ಆಗಿರಲಿ. ಇನ್‌ಪುಟ್ ಮುಗಿದ ಸೂಚನೆಯಾದ ಇಓಎಫ್ ಒಂದು ಋಣ ಸಂಖ್ಯೆ. ಕೆಲವು ಯಂತ್ರಗಳಲ್ಲಿ ಚಾರ್‌ಗೆ ಋಣ ಸಂಖ್ಯೆ ಹಿಡಿಯುವುದಿಲ್ಲ, ಆಗ ಲೂಪ್ ಮುಗಿಯುವುದೇ ಇಲ್ಲ.

ನನಗೆ ಇನ್ನೂ ಇಷ್ಟವಾಗುವ ದಾರಿ ಎಫ್‌ಗೆಟ್ಸ್. ಇಡೀ ಸಾಲನ್ನು ಒಮ್ಮೆಲೇ ಓದಿಕೊಂಡು, ಆಮೇಲೆ ಆ ಸಾಲಿನೊಳಗೇ ಎಸ್‌ಸ್ಕ್ಯಾನ್‌ಎಫ್‌ನಿಂದ ಸಂಖ್ಯೆ ಹುಡುಕಿ. ಎ ಬಂದರೆ ಆ ಸಾಲನ್ನು ಬಿಟ್ಟು ಮತ್ತೆ ಕೇಳಿದರಾಯಿತು. ಒಂದು ಎಚ್ಚರ ಮಾತ್ರ ಬೇಕು. 20 ಅಕ್ಷರದ ಜಾಗ ಕೊಟ್ಟಿದ್ದರೆ ಎಫ್‌ಗೆಟ್ಸ್ ಹೆಚ್ಚೆಂದರೆ 19 ಓದುತ್ತದೆ, ಉಳಿದದ್ದು ಬಫರಿನಲ್ಲೇ. ಓದಿದ ಸಾಲಿನ ಕೊನೆಗೆ ಹೊಸ ಸಾಲಿನ ಗುರುತು ಇದೆಯಾ ನೋಡಿ. ಇಲ್ಲದಿದ್ದರೆ ಮಾತ್ರ ಆ ಗೆಟ್‌ಚಾರ್ ಲೂಪ್ ಓಡಿಸಿ. ಇದ್ದಾಗಲೂ ಸುಮ್ನೆ ಓಡಿಸಿದರೆ, ಪ್ರೋಗ್ರಾಂ ಇನ್ನೊಂದು ಎಂಟರ್‌ಗೆ ಕಾಯುತ್ತಾ ನಿಲ್ಲುತ್ತದೆ.